ರಾಜನಿಲ್ಲದ ತಿಂಗಳುಗಳು

ಮೇ 19, ಸೋಮವಾರ

ಸಂಜೆ ಆರೂವರೆ. ಬೆಳಿಗ್ಗೆ ನೀರು ಬಂತು, ಸಂಪು ತುಂಬಿಸಿದೆ. ಬಟ್ಟೆ ಒಗೆದೆ. ಮಧ್ಯಾಹ್ನ ಅನ್ನ, ಮಜ್ಜಿಗೆ. ಇವರು ಊಟಕ್ಕೆ ಬರಲಿಲ್ಲ. ಅಂಗಡಿಯ ಹತ್ತಿರವೇ ಏನೋ ತಿಂದರಂತೆ.

ನಾಲ್ಕು ಗಂಟೆಗೆ ಗೇಟಿನ ಹತ್ತಿರ ಕೋಲಿನ ಸದ್ದಾಯಿತು. ಆ ಕಣ್ಣು ಕಾಣದ ಹುಡುಗಿ, ಗುಬ್ಬಿಯ ಸಿದ್ರಾ. ನಮ್ಮ ಮಗಳು ಪ್ರಿಯಾಂಕ ಇವಳಿಗೆ ಪಾಠ ಓದಿ ಹೇಳುತ್ತಿದ್ದಳು, ಇವಳು ಹೇಳಿದ್ದನ್ನು ಪರೀಕ್ಷೆಯಲ್ಲಿ ಕೂತು ಬರೆಯುತ್ತಿದ್ದಳು. ಮಗಳ ಕಾರ್ಯದ ದಿನವೂ ಬಂದಿದ್ದಳು. ಅವತ್ತು ನಾನು ಯಾರನ್ನೂ ಮಾತಾಡಿಸಿರಲಿಲ್ಲ.

"ಬರಬಾರದಿತ್ತೇನೋ ಆಂಟಿ."

"ಬಂದಾಯ್ತಲ್ಲ, ಕೂತ್ಕೊ."

ಅವಳು ಕೂರಲಿಲ್ಲ. ಚರಿತ್ರೆ ಎಂ.ಎ. ಎಲ್ಲ ಮುಗಿದಿದೆಯಂತೆ, ಯೂರೋಪಿನ ಎರಡು ಪೇಪರ್ ಉಳಿದಿವೆ. ಜುಲೈನಲ್ಲಿ ಕೊನೆಯ ಅವಕಾಶ. ಅದು ತಪ್ಪಿದರೆ ಹಳೆಯ ಸಿಲಬಸ್ ಮುಚ್ಚಿಹೋಗುತ್ತದೆ, ಇಷ್ಟು ವರ್ಷ ಓದಿದ್ದಕ್ಕೆ ಅರ್ಥ ಇರುವುದಿಲ್ಲ. ಡಿಸೆಂಬರಿನಲ್ಲೂ ಒಂದು ಸಲ ಪರೀಕ್ಷೆ ಇತ್ತು, ಇವಳು ಹೋಗಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಪ್ರಿಯಾಂಕ ಜ್ವರದಲ್ಲಿ ಹೋಗಿದ್ದು ನವೆಂಬರ್ ಕೊನೆಯಲ್ಲಿ.

ಆ ಪೇಪರುಗಳ ಜೆರಾಕ್ಸ್ ನೋಟ್ಸ್ ನಮ್ಮ ಮನೆಯಲ್ಲಿ ಉಳಿದಿದೆಯಾ ಅಂತ ಕೇಳಲು ಬಂದಿದ್ದಳು. ಪ್ರಿಯಾಂಕಳ ರೂಮಿನಲ್ಲಿರಬೇಕು, ರೂಮಿಗೆ ಬೀಗ ಹಾಕಿದೆ, ಇನ್ನೊಂದು ದಿನ ಬಾ ಅಂದೆ. ಸರಿ ಅಂತ ಹೋದಳು.

ಒಂದು ಲೋಟ ನೀರೂ ಕೊಡಲಿಲ್ಲ. ಅವಳು ಹೋದ ಮೇಲೆ ನೆನಪಾಯಿತು.

ಮೇ 21, ಬುಧವಾರ

ಇವರಿಗೆ ಹೇಳಿದೆ. "ಬೇಡ ಕಣೆ. ಆ ಕೋಲಿನ ಸದ್ದು ಕೇಳಿದ್ರೆ ಹಿಂದೇನೇ ನಮ್ಮ ಪ್ರಿಯಾಂಕನೂ ಬಂದ್ಲೇನೋ ಅನ್ಸುತ್ತೆ," ಅಂದರು. ಹೂಂ ಅಂದೆ.

ಇವರು ಅಂಗಡಿಗೆ ಹೋದ ಮೇಲೆ ಬೀಗ ತೆಗೆದೆ. ಲೈಟ್ ಹಾಕಲಿಲ್ಲ. ಮೇಜಿನ ಮೇಲೇ ಇತ್ತು ಕಟ್ಟು. ತಗೊಂಡು ಮತ್ತೆ ಬೀಗ ಹಾಕಿದೆ.

ಯಾರೋ ಮೇಷ್ಟ್ರು ಕೈಯಲ್ಲಿ ಬರೆದ ಕನ್ನಡ ನೋಟ್ಸು. ಜೆರಾಕ್ಸಿನ ಜೆರಾಕ್ಸು. ಸಿದ್ರಾಳ ಮೊಬೈಲು ಅಚ್ಚಿನ ಅಕ್ಷರವಾದರೆ ಓದುತ್ತದಂತೆ, ಕೈಬರಹ ಓದುವುದಿಲ್ಲವಂತೆ. ಫೋನ್ ಮಾಡಿ ಸಿಕ್ಕಿದೆ ಅಂತ ಹೇಳಿದೆ. ಓದುವವರು ಯಾರೂ ಸಿಕ್ಕಿಲ್ಲ, ಪರೀಕ್ಷೆಯಲ್ಲಿ ಬರೆಯುವವರೂ ಸಿಕ್ಕಿಲ್ಲ ಅಂದಳು. ಬರೆಯುವವರು ಪರೀಕ್ಷೆ ತಗೊಂಡವರಿಗಿಂತ ಕಡಿಮೆ ಓದಿರಬೇಕು ಅಂತ ರೂಲ್ಸಂತೆ.

"ನೀವೆಷ್ಟ್ ಓದಿದೀರಾ ಆಂಟಿ?"

"ಪಿಯುಸಿ."

"ಪಾಸಾ?"

"ಪಾಸೇ."

"ಸಾಕು," ಅಂದಳು.

ನಾನು ಕಡಿಮೆ ಓದಿದ್ದೀನಿ ಅಂತ ಇದುವರೆಗೆ ಯಾರೂ ಸಂತೋಷಪಟ್ಟಿರಲಿಲ್ಲ. ಆಗಲಿ ಅಂದುಬಿಟ್ಟೆ. ಇವರಿಗೆ ಇನ್ನೂ ಹೇಳಿಲ್ಲ.

ಮೇ 24, ಶನಿವಾರ

ಸಂಜೆ ಏಳು. ಇವತ್ತು ಮೊದಲ ಓದು. ಹೊರಗಿನ ವರಾಂಡದಲ್ಲೇ ಕೂತೆವು.

ಪೋಲೆಂಡ್, ಲಿಥುವೇನಿಯಾ ಅಂತ ಎರಡು ದೇಶ. ಎರಡಕ್ಕೂ ಒಬ್ಬನೇ ರಾಜ, ಒಂದೇ ಸಭೆ. ಆ ರಾಜ ಮಕ್ಕಳಿಲ್ಲದೆ ಸತ್ತ. 1572. ಅಲ್ಲಿಂದ ಮುಂದೆ ಅಲ್ಲಿನ ಕುಲೀನ ಮನೆತನದವರು, ಸಾವಿರಾರು ಎಕರೆ ಇದ್ದವನೂ ಸರಿ, ಒಂದು ಹೊಲ ಒಂದು ಕತ್ತಿ ಬಿಟ್ಟರೆ ಏನೂ ಇಲ್ಲದವನೂ ಸರಿ, ವಾರ್ಸಾ ಅನ್ನುವ ಊರಿನಾಚೆ ಬಯಲಿನಲ್ಲಿ ಸೇರಿ ರಾಜನನ್ನು ಆರಿಸುತ್ತಿದ್ದರು. ನನಗೆ ತಿಳಿದಿದ್ದು ಇಷ್ಟು.

ಹೆಸರುಗಳಂತೂ ಬಾಯಿಗೆ ಬರುವುದಿಲ್ಲ.

"ಹೆಸರು ಬಂದಾಗೆಲ್ಲ ಹಂಪ್ ಹತ್ತಿದ ಬಸ್ಸಿನ ಥರ ನಿಲ್ತೀರಲ್ಲ ಆಂಟಿ."

"ನಿಂಗೇನು, ಕೇಳೋದಷ್ಟೆ. ಓದೋಳು ನಾನು."

"ಪ್ರಿಯಾಂಕ ಬಾಯಿಗೆ ಬಂದಂಗೆ ಓದಿ ಮುಂದಕ್ಕ್ ಹೋಗ್ತಿದ್ಲು."

ನಾನು ಹಾಳೆ ಮಗುಚಿದೆ. ಆ ಹುಡುಗಿಗೆ ಯಾವ ಮಾತು ಎಲ್ಲಿ ಆಡಬೇಕು ಅಂತ ಗೊತ್ತಿಲ್ಲ.

ಮೇ 27, ಮಂಗಳವಾರ

ತಲೆನೋವು. ಬರಬೇಡ ಅಂತ ಫೋನ್ ಮಾಡಿದೆ. ಏನೂ ಮಾಡಲಿಲ್ಲ.

ಮೇ 30, ಶುಕ್ರವಾರ

ಇವರು ಬೇಗ ಬಂದುಬಿಟ್ಟರು. ಸಿದ್ರಾ ವರಾಂಡದಲ್ಲಿ ಕೂತಿರುವುದನ್ನು ನೋಡಿ ಸೀದಾ ಒಳಗೆ ಹೋದರು. ನಾನು ಓದುತ್ತಲೇ ಇದ್ದೆ. ರಾಜನ ಜಾಗ ಖಾಲಿಯಾದರೆ ಸಾಕು, ಫ್ರಾನ್ಸಿನವರು, ಆಸ್ಟ್ರಿಯಾದವರು ದೂತರನ್ನು ಕಳಿಸಿ ನಮ್ಮ ಹುಡುಗನನ್ನೇ ಆರಿಸಿ ಅಂತ ಹಣ ಚೆಲ್ಲುತ್ತಿದ್ದರಂತೆ. ದೊಡ್ಡ ಮನೆತನದವರು ಸಣ್ಣವರನ್ನು ಗುಂಪು ಗುಂಪಾಗಿ ಕರೆತಂದು, ಡೇರೆ ಹಾಕಿಸಿ, ಉಣ್ಣಿಸಿ ಕುಡಿಸಿ ಇಟ್ಟುಕೊಳ್ಳುತ್ತಿದ್ದರಂತೆ.

ಒಳಗಿನಿಂದ ಇವರ ದನಿ ಬಂತು. "ರೆಸಾರ್ಟ್ ಇರ್ಲಿಲ್ವಾ ಅಲ್ಲಿ?"

ಸಿದ್ರಾ ನಕ್ಕುಬಿಟ್ಟಳು. "ಇಲ್ಲ ಅಂಕಲ್, ಡೇರೆನೇ ರೆಸಾರ್ಟು."

"ನಮ್ಮೋರು ಎಷ್ಟೋ ವಾಸಿ ಬುಡು. ಎಸಿ ರೂಮಾದ್ರೂ ಕೊಡ್ತಾರೆ."

ಹಾಗೆ ಆರಿಸಿಕೊಂಡ ಮೊದಲ ರಾಜ ಫ್ರಾನ್ಸಿನವನು. ಪಟ್ಟ ಕಟ್ಟಿ ಕೆಲವೇ ತಿಂಗಳು, ಊರಿನಲ್ಲಿ ಅಣ್ಣ ಸತ್ತ, ಅಲ್ಲಿನ ಸಿಂಹಾಸನ ಖಾಲಿ ಆಯಿತು ಅಂತ ಸುದ್ದಿ ಬಂದ ಕೂಡಲೇ ಹೇಳದೆ ಕೇಳದೆ ಓಡಿಹೋದನಂತೆ. ಹೆನ್ರಿ ಅಂತ ಹೆಸರು. ನಾವು ಓಡಿಹೋದವನು ಅಂತಲೇ ಕರೆಯುತ್ತೇವೆ. ನೆನಪಿಟ್ಟುಕೊಳ್ಳಲು ಸುಲಭ.

ಇವತ್ತು ಕಾಫಿ ಮಾಡಿ ಕೊಟ್ಟೆ. ಸಕ್ಕರೆ ಜಾಸ್ತಿ ಅಂದಳು.

ಜೂನ್ 5, ಗುರುವಾರ

ಸಂಜೆ. ಇವತ್ತು ಓದಿದ್ದು ತಲೆಯಿಂದ ಹೋಗುತ್ತಿಲ್ಲ.

ಆ ದೇಶದಲ್ಲಿ ರಾಜ ಸತ್ತ ದಿನ ನ್ಯಾಯಾಲಯಗಳು ನಿಂತುಹೋಗುತ್ತಿದ್ದವಂತೆ. ತೀರ್ಪು ಕೊಡುವುದು ರಾಜನ ಹೆಸರಿನಲ್ಲಿ, ಆ ಹೆಸರೇ ಇಲ್ಲ ಅಂದ ಮೇಲೆ ಕೊಡುವುದು ಹೇಗೆ. ಹೊಸ ರಾಜನನ್ನು ಆರಿಸುವ ತನಕ ಅವರ ಮುಖ್ಯ ಧರ್ಮಗುರು ರಾಜನ ಜಾಗದಲ್ಲಿ ನಿಂತು ಸಭೆ ಕರೆಯುತ್ತಿದ್ದ. ಅಲ್ಲಲ್ಲಿನ ಜನ ತಾವೇ ಸೇರಿ ಬೇರೆ ನ್ಯಾಯಸಭೆ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಮುಸುಕಿನ ಹೆಸರಂತೆ, ಸಾವಿನ ಮನೆಯವರು ತಲೆಗೆ ಹಾಕಿಕೊಳ್ಳುವ ಮುಸುಕು. ತಿಂಗಳುಗಟ್ಟಲೆ ಹಾಗೇ.

ಇದು ಸರಿಯಾಗಿದೆ ಅನ್ನಿಸಿತು. ನಿಲ್ಲಬೇಕು. ಪ್ರಿಯಾಂಕ ಹೋದ ಮಾರನೇ ದಿನ ಬೆಳಿಗ್ಗೆ ಹಾಲಿನವನು ಗೇಟಿನ ಹತ್ತಿರ ನಿಂತು ಎಷ್ಟು ಹಾಕಲಿ ಅಂತ ಕೇಳಿದ. ಅರ್ಧ ಲೀಟರು ಕಡಿಮೆ ಮಾಡು ಅಂತ ನಾನೇ ಹೇಳಿದೆ. ಹೇಳಿಬಿಟ್ಟೆ ನೋಡು, ಯಾರೂ ತಡೆಯಲಿಲ್ಲ. ಕರೆಂಟು ಬಿಲ್ಲು ಬಂತು, ಬೀದಿ ಗುಡಿಸುವವಳು ಬಂದಳು.

ಕಾಫಿ ಮಾಡುತ್ತಾ ಸಿದ್ರಾಳ ಹತ್ತಿರ ಏನೇನೋ ಮಾತಾಡಿದೆ. ಏನಂದೆನೋ ನೆನಪಿಲ್ಲ. ಅವಳು ಕೇಳಿಸಿಕೊಂಡಳು.

ಜೂನ್ 12, ಗುರುವಾರ

ನೋಟ್ಸಿನಲ್ಲಿ ಒಂದು ಹಾಳೆ ಪೂರ್ತಿ ಅಳಿಸಿಹೋಗಿದೆ. ಆ ನೋಟ್ಸು ಬರೆದ ಚನ್ನವೀರಯ್ಯ ಮೇಷ್ಟ್ರು ನಿವೃತ್ತರಾಗಿ ಕುಣಿಗಲ್ಲಿನಲ್ಲಿದ್ದಾರೆ ಅಂತ ಸಿದ್ರಾ ವಿಚಾರಿಸಿ ತಿಳಿದಿದ್ದಳು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕರೆದುಕೊಂಡು ಹೊರಟೆ. ಹೆಬ್ಬೂರು ದಾಟುವ ತನಕ ಇಬ್ಬರಿಗೂ ಸೀಟು ಸಿಗಲಿಲ್ಲ.

ಕುಣಿಗಲ್ ಹತ್ತಿರ ಬೇಲಿಯಾಚೆ ಕುದುರೆಗಳು ಮೇಯುತ್ತಿದ್ದವು. ಹೇಳಿದೆ. "ಎಷ್ಟಿವೆ?" ಅಂದಳು. ಹತ್ತೋ ಹನ್ನೆರಡೋ ಅಂದೆ. "ರಾಜನ್ನ ಆರ್ಸೋಕೆ ನಲವತ್ತು ಸಾವಿರ ಜನ ಸೇರಿದ್ರಂತಲ್ಲ, ಎಷ್ಟೋ ಜನ ಕುದುರೆ ಮೇಲೆ. ಆ ಬಯಲು ಎಷ್ಟು ನಾತ ಹೊಡೀತಿತ್ತೋ ಆಂಟಿ." ಮುಂದಿನ ಸೀಟಿನವರು ತಿರುಗಿ ನೋಡಿದರು.

ಚನ್ನವೀರಯ್ಯನವರಿಗೆ ಕಿವಿ ಮಂದ. ಬಂದ ವಿಷಯ ಎರಡು ಸಲ ಹೇಳಬೇಕಾಯಿತು. ತಿಳಿದ ಮೇಲೆ ನಿಲ್ಲಿಸಲೇ ಇಲ್ಲ. ಅಳಿಸಿಹೋದ ಹಾಳೆ ಒಂಟಿ ಮತದ್ದು. ಅವರ ಸಭೆಯಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಒಬ್ಬನೇ ಒಬ್ಬ ಎದ್ದು ಒಪ್ಪುವುದಿಲ್ಲ ಅಂದರೆ ಆ ಸಭೆಯಲ್ಲಿ ಆದದ್ದೆಲ್ಲ ರದ್ದು. 1652ರಲ್ಲಿ ಲಿಥುವೇನಿಯಾ ಕಡೆಯ ಒಬ್ಬ ಪ್ರತಿನಿಧಿ ಹಾಗಂದು ಊರು ಬಿಟ್ಟು ಹೋದ, ಸಭೆ ಮುರಿಯಿತು. ಆಮೇಲೆ ಅದೇ ಚಾಳಿಯಾಯಿತು. ಅವನ ಹೆಣವನ್ನು ಭೂಮಿ ಒಳಗೆ ಸೇರಿಸಿಕೊಳ್ಳಲಿಲ್ಲ ಅಂತ ಅಲ್ಲಿನ ಜನ ಕಥೆ ಕಟ್ಟಿದ್ದಾರಂತೆ.

"ಅಷ್ಟು ಜನ ಇದ್ರಲ್ಲ ಸರ್, ಒಬ್ಬ ಬೇಡ ಅಂದ್ರೆ ಯಾಕ್ ಕೇಳ್ಬೇಕಿತ್ತು?" ಅಂತ ನಾನೇ ಕೇಳಿದೆ.

"ಇವತ್ತು ಅವನ ಮಾತು ತಳ್ಳಿಹಾಕಿದ್ರೆ ನಾಳೆ ನನ್ ಮಾತೂ ತಳ್ತಾರೆ ಅನ್ನೋ ಭಯ ಕಣಮ್ಮ. ಎಲ್ರಿಗೂ ಅದೇ ಭಯ."

ಬರುವಾಗ ಸಿದ್ರಾ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ತುಮಕೂರು ಬಂದರೂ ಎಬ್ಬಿಸಲು ತಡಮಾಡಿದೆ, ಕಂಡಕ್ಟರ್ ರೇಗಿದ.

ಜೂನ್ 18, ಬುಧವಾರ

ಬರೆಯುವುದು ಅಭ್ಯಾಸ ಆಗಲಿ ಅಂತ ಅವಳು ಹೇಳುವುದು, ನಾನು ಬರೆಯುವುದು ಶುರು ಮಾಡಿದ್ದೇವೆ. ಪ್ರಿಯಾಂಕಳ ರೂಮಿನ ಫ್ಯಾನು ತುಂಬ ಸದ್ದು ಮಾಡುತ್ತದೆ, ಅವಳ ಮಾತು ಸರಿಯಾಗಿ ಕೇಳುವುದಿಲ್ಲ. ಇವರಿಗೆ ಎಣ್ಣೆ ಬಿಡಲು ಹೇಳಬೇಕು. ಕಿಟಕಿ ಹತ್ತಿರದ ಮೇಜೇ ಅನುಕೂಲ.

ಒಂದು ತೊಂದರೆ. ಅವಳು ಇಸವಿ ತಪ್ಪು ಹೇಳಿದರೆ, ಒಬ್ಬ ರಾಜನ ಬದಲು ಇನ್ನೊಬ್ಬನ ಹೆಸರು ಹೇಳಿದರೆ, ನನ್ನ ಪೆನ್ನು ತಾನೇ ನಿಲ್ಲುತ್ತದೆ. ನಾನು ಬಾಯಿ ಬಿಡುವುದಿಲ್ಲ. ಆದರೂ ಅವಳಿಗೆ ಗೊತ್ತಾಗಿಬಿಡುತ್ತದೆ, ಪೆನ್ನಿನ ಸದ್ದು ಕೇಳಿಸುತ್ತದೆ ಅವಳಿಗೆ. ತಕ್ಷಣ ತಿದ್ದಿಕೊಳ್ಳುತ್ತಾಳೆ.

"ಹಾಲ್‌ನಲ್ಲಿ ಹಿಂಗ್ ಮಾಡ್ಬೇಡಿ ಆಂಟಿ. ಅದು ಕಾಪಿ ಹೊಡ್ಸಿದಂಗೆ."

"ಬೇಕಂತ ಮಾಡ್ತೀನಾ?"

"ತಪ್ಪಿದ್ರೆ ತಪ್ಪೇ ಬರೀರಿ. ಪಿಯುಸಿಲಿ ನೋಡ್ದೆ ಬರ್ದು ಪಾಸಾದೋರು ತಾನೆ?"

"ಪಕ್ಕದೋಳು ತೋರ್ಸಿದ್ಲು," ಅಂದೆ.

ಅವಳು ನಕ್ಕಳು. ನಾನೂ.

ಜೂನ್ 20, ಶುಕ್ರವಾರ

ಮಧ್ಯದಲ್ಲಿ ಇದ್ದಕ್ಕಿದ್ದಂತೆ, "ಪ್ರಿಯಾಂಕ ಬಿ.ಕಾಂ. ಬಿಟ್ಟು ಬಿ.ಎ. ಸೇರ್ಬೇಕು ಅಂತಿದ್ಲು ಆಂಟಿ, ಈ ರಾಜರ ಕಥೆ ಓದಿ ಓದಿ," ಅಂದಳು.

ನನಗೆ ಹೇಳಿರಲಿಲ್ಲ. ಅವಳ ಅಪ್ಪನಿಗೂ ಹೇಳಿರಲಿಲ್ಲ. ಇವತ್ತಿಗೆ ಸಾಕು ಅಂತ ಎದ್ದುಬಿಟ್ಟೆ. ಬಸ್ಸಿನ ತನಕ ಹೋಗಲಿಲ್ಲ, ಅವಳೇ ಕೋಲು ಹಿಡಿದು ಹೋದಳು.

ಮೂರು ವರ್ಷ ನಮ್ಮ ಮಗಳ ಅರ್ಧ ಮಾತು ಇವಳ ಪಾಲಿಗೆ ಹೋಗಿದೆ. ಈಗ ಒಂದೊಂದೇ ಹಿಂದಕ್ಕೆ ಕೊಡುತ್ತಿದ್ದಾಳೆ. ನಾನು ಕೈ ಚಾಚಿ ನಿಂತಿರಬೇಕು.

ಜೂನ್ 23, ಸೋಮವಾರ

ಬಂದಳು. ಎರಡು ಪ್ರಶ್ನೆ ಬರೆದೆವು. ಸಂಜೆ ಹೊರಡುವಾಗ ನಾನೇ ಕೇಳಿದೆ, ಇನ್ನೇನಂತಿದ್ದಳು ಅಂತ. ನೀವು ಮಾಡುವ ಹುರುಳಿಕಾಳು ಸಾರಿಗೆ ಉಪ್ಪು ಕಡಿಮೆ ಅಂತಿದ್ದಳು ಅಂದಳು. ಅದು ನನಗೂ ಗೊತ್ತಿತ್ತು.

ಜುಲೈ 7, ಸೋಮವಾರ

ಸಂಜೆ ಐದು. ಮೊದಲ ಪೇಪರ್ ಮುಗಿಯಿತು. ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ನಮಗೆ ಬೇರೆ ರೂಮು ಕೊಟ್ಟಿದ್ದರು, ಕೆಳಗಿನ ಮಹಡಿಯಲ್ಲಿ. ಮೇಲ್ವಿಚಾರಕಿ ಒಬ್ಬರು ಎದುರಿಗೇ ಕೂತರು. ನಾನು ಪ್ರಶ್ನೆ ಓದಬಹುದು, ಬರೆದದ್ದನ್ನು ಅವಳು ಕೇಳಿದರೆ ಓದಿ ಹೇಳಬಹುದು, ಅದು ಬಿಟ್ಟು ಒಂದು ಮಾತೂ ಆಡಬಾರದು ಅಂತ ಮೊದಲೇ ತಿಳಿಸಿದರು. ಸಹಿ ಹಾಕಿಸಿಕೊಂಡರು.

ಮೊದಲ ಎರಡು ಪ್ರಶ್ನೆ ಚೆನ್ನಾಗಿ ಹೇಳಿದಳು. ನನ್ನ ಕೈ ಅವಳ ಮಾತಿನ ಹಿಂದೆಯೇ ಓಡುತ್ತಿತ್ತು. ಮೂರನೆಯದು ದೊಡ್ಡ ಪ್ರಶ್ನೆ. ರಾಜ ಸತ್ತ ದಿನದಿಂದ ಹೊಸ ರಾಜನ ಆಯ್ಕೆಯವರೆಗೆ ಆಡಳಿತ ಹೇಗೆ ನಡೆಯುತ್ತಿತ್ತು ವಿವರಿಸಿ. ನಮಗೆ ಬಾಯಿಪಾಠ ಆದದ್ದೇ. ನ್ಯಾಯಾಲಯಗಳು ನಿಲ್ಲುತ್ತಿದ್ದವು ಅಂದಳು, ಬರೆದೆ. ಮುಖ್ಯ ಧರ್ಮಗುರು ರಾಜನ ಜಾಗದಲ್ಲಿ ನಿಂತು ಸಭೆ ಕರೆಯುತ್ತಿದ್ದ ಅಂದಳು, ಬರೆದೆ. ಮುಸುಕಿನ ಹೆಸರಿನ ನ್ಯಾಯಸಭೆಗಳನ್ನು ಹೇಳಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ನೋಟ್ಸಿನಲ್ಲಿ ಇಲ್ಲದ ಮಾತು ಹೇಳಿದಳು.

"ಜನ ಬೆಳಿಗ್ಗೆ ಎದ್ದು ತಮ್ಮ ತಮ್ಮ ಕೆಲಸ ಮಾಡುತ್ತಲೇ ಇದ್ದರು. ಯಾರ ಹೆಸರಿನಲ್ಲಿ ಮಾಡುತ್ತಿದ್ದೇವೆ ಎಂದು ಮಾತ್ರ ಅವರಿಗೆ ತಿಳಿದಿರಲಿಲ್ಲ."

'ಯಾರ' ಅಂತ ಬರೆದೆ. ಮುಂದಕ್ಕೆ ಕೈ ಹೋಗಲಿಲ್ಲ. ಅಳು ಬಂತು ಅಂತಲ್ಲ. ಕೈಯೊಳಗಿನಿಂದ ಏನೋ ಇಳಿದುಹೋದಂತೆ ಆಯಿತು. ಪೆನ್ನು ಹಾಳೆಯ ಮೇಲೇ ಇತ್ತು, ಚುಕ್ಕೆ ದೊಡ್ಡದಾಗುತ್ತಿತ್ತು.

ಸಿದ್ರಾ ತಲೆ ಸ್ವಲ್ಪ ಓರೆ ಮಾಡಿದಳು. ಮನೆಯಲ್ಲಿ ತಪ್ಪು ಹೇಳಿದಾಗ ಮಾಡುತ್ತಾಳಲ್ಲ, ಹಾಗೆ. ನಾನು ಬರೆಯಲು ನೋಡಿದೆ. ಆಗಲಿಲ್ಲ.

"ಈ ಉತ್ತರ ಪೂರ್ತಿ ಹೊಡೆದುಹಾಕಿ," ಅಂದಳು.

ಮೇಲ್ವಿಚಾರಕಿ ನನ್ನನ್ನೇ ನೋಡುತ್ತಿದ್ದರು. ಇಲ್ಲ, ಸರಿಯಾಗಿದೆ, ನಿಂತಿದ್ದು ನಾನು, ಉತ್ತರ ಅಲ್ಲ ಅಂತ ಹೇಳಲು ಬಾಯಿ ತೆರೆದರೆ ಪರೀಕ್ಷೆಯೇ ಹೋಗುತ್ತದೆ. ಒಂದೂವರೆ ಪುಟದ ಮೇಲೆ ಗೀಟು ಎಳೆದೆ. ಅವಳು ಹೊಸದಾಗಿ ಹೇಳತೊಡಗಿದಳು. ನ್ಯಾಯಾಲಯಗಳು ಎಂದಿನಂತೆ ನಡೆಯುತ್ತಿದ್ದವು. ದಂಡನಾಯಕನು ರಾಜನ ಜಾಗದಲ್ಲಿ ಆಡಳಿತ ನಡೆಸುತ್ತಿದ್ದನು. ಒಂದೊಂದು ವಾಕ್ಯವೂ ತಪ್ಪು. ಈ ಸಲ ನನ್ನ ಪೆನ್ನು ಎಲ್ಲೂ ನಿಲ್ಲಲಿಲ್ಲ, ನಿಲ್ಲಿಸಬಾರದು ಅಂತ ಹಲ್ಲು ಕಚ್ಚಿ ಬರೆದೆ. ನಿಲ್ಲದೇ ಇದ್ದದ್ದಕ್ಕೆ ಅವಳಿಗೆ ಧೈರ್ಯ ಬಂತು. ದನಿ ಗಟ್ಟಿ ಮಾಡಿ ಹೇಳಿದಳು.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ನಿಲ್ಲಿಸ್ಬೇಡಿ ಅಂದಿದ್ದೆ ನಾನು. ನೀವು ನಿಲ್ಲಿಸಿದ್ರಿ, ನಾನು ಸುಳಿವು ತಗೊಂಡೆ. ತಪ್ಪು ನಂದೂ ಇದೆ. ಇನ್ನೊಂದ್ಸಲ ಬೇಡ ಆಂಟಿ." ಆಮೇಲೆ ಮೆಲ್ಲಗೆ, "ಆದ್ರೂ ಥ್ಯಾಂಕ್ಸ್. ಇಲ್ದಿದ್ರೆ ಇಡೀ ಪ್ರಶ್ನೆ ಹೋಗ್ತಿತ್ತು."

ನಾನು ಹೂಂ ಅಂದೆ. ಗುಬ್ಬಿ ಬಸ್ಸು ಹತ್ತಿಸಿ ಬಂದೆ.

ಜುಲೈ 8, ಮಂಗಳವಾರ

ಅ‌ನ್ನ ಸೀದುಹೋಯಿತು.

ಇವರಿಗೆ ಎಲ್ಲ ಹೇಳಿದೆ. "ಶುಕ್ರವಾರ ಎರಡನೇದು ಇದ್ಯಲ್ಲ. ಅದು ಮುಗೀಲಿ, ಆಮೇಲ್ ಹೇಳು. ಈಗ್ ಹೇಳಿದ್ರೆ ಆ ಮಗು ಅದನ್ನೂ ಸರಿಯಾಗಿ ಬರೆಯಲ್ಲ."

ಅದೂ ಸರಿ. ಎರಡು ಪೇಪರಿನ ಅಂಕ ಕೂಡಿಸಿ ಪಾಸು ಮಾಡುತ್ತಾರೆ. ಮೊದಲನೆಯದರಲ್ಲಿ ಹೋದದ್ದನ್ನು ಎರಡನೆಯದರಲ್ಲಿ ತುಂಬಿಸಿಕೊಳ್ಳಬಹುದು. ಸಮಾಧಾನವಾಗಿ ಬರೆದರೆ.

ಆದರೆ ಶುಕ್ರವಾರವೂ ಪೆನ್ನು ಹಿಡಿಯುವ ಕೈ ಇದೇ. ಬೇಡ ಅಂತ ಅವಳೇ ಹೇಳಿದ್ದಾಳೆ ನಿಜ, ಆದರೆ ಕಿವಿಗೆ ಬೇಡ ಅನ್ನಲು ಬರುತ್ತದಾ. ಮತ್ತೆ ಕೈ ನಿಂತರೆ ಮತ್ತೆ ಸರಿಯಾದದ್ದನ್ನು ಹೊಡೆದುಹಾಕಿಸುತ್ತಾಳೆ. ಅವಳು ಗೊತ್ತಿಲ್ಲದೆ ನನ್ನನ್ನು ನಂಬಿ ಕೂತಿರುತ್ತಾಳೆ.

ಜುಲೈ 9, ಬುಧವಾರ

ಫೋನ್ ಮಾಡಿದಳು. ಪೋಲೆಂಡನ್ನು ಹಂಚಿಕೊಂಡ ಮೂರು ರಾಜ್ಯಗಳನ್ನು ಒಪ್ಪಿಸಿದಳು. ಸರಿಯಾ ಅಂದಳು. ಸರಿ ಅಂದೆ. ಹೇಳಲಿಲ್ಲ.

ಜುಲೈ 10, ಗುರುವಾರ

ಸಂಜೆ ಏಳೂವರೆ. ಬೆಳಿಗ್ಗೆ ಸಾರು ಮಾಡಿಟ್ಟು, ಇವರಿಗೆ ಗುಬ್ಬಿಗೆ ಹೋಗುತ್ತೀನಿ ಅಂದೆ. ಬೇಡ ಅಂದರು. "ನೀವು ಹೇಳಿದ್ದು ಸರಿನೇ ಇರಬಹುದು, ನಾನು ಹೋಗ್ತೀನಿ," ಅಂದೆ. ಬಸ್ ಸ್ಟ್ಯಾಂಡಿನ ತನಕ ಸ್ಕೂಟರಿನಲ್ಲಿ ಬಿಟ್ಟರು.

ಸಿದ್ರಾಳ ಅಪ್ಪ ನಜೀರ್ ಅಹಮದರದು ಹಾಸಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅರ್ಧ ಹೊಲಿದ ಹಾಸಿಗೆಯ ಮೇಲೆ ಕೂತು ಉದ್ದ ಸೂಜಿ ಎಳೆಯುತ್ತಿದ್ದರು, ಮೀಸೆಗೆಲ್ಲ ಹತ್ತಿ. ಸಿದ್ರಾ ಪಕ್ಕದಲ್ಲೇ ಹತ್ತಿ ಮೂಟೆಗೆ ಒರಗಿ ಮೊಬೈಲ್ ಕೇಳುತ್ತಿದ್ದಳು. ನನ್ನ ಚಪ್ಪಲಿ ಸದ್ದಿಗೇ, "ಆಂಟಿ?" ಅಂದಳು.

ಕೂತು ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ಮೊದಲ ಉತ್ತರವೇ ಸರಿ ಇತ್ತು, ನೀನು ಆ ಹೆಸರಿನ ಮಾತು ಹೇಳಿದಾಗ ನನ್ನ ಕೈ ನಿಂತಿತು, ತಪ್ಪು ಅಂತ ನಿಲ್ಲಿಸಿದ್ದಲ್ಲ ಅಂದೆ.

ಅವಳು ಮೊಬೈಲ್ ಆರಿಸಿದಳು. ನಜೀರ್ ಸಾಹೇಬರು ಸೂಜಿ ಕೆಳಗಿಟ್ಟರು.

"ಪೂರ್ತಿ ಸರಿ ಇತ್ತಾ?" ಅಂದಳು.

"ಪೂರ್ತಿ."

"ದಂಡನಾಯಕ ಅಂದ್ನಲ್ಲ ನಾನು."

"ಬರೆದೆ. ಇನ್ನೇನ್ ಮಾಡ್ಲಿ."

ನಜೀರ್ ಸಾಹೇಬರು, "ತಪ್ಪು ಉತ್ತರ ಕಾಪಿ ಹೊಡೆದೋರನ್ನ ನಾನು ಇದೇ ಮೊದ್ಲು ನೋಡಿದ್ದು," ಅಂದರು.

"ಅಬ್ಬಾ, ಸುಮ್ನಿರಿ," ಅಂದಳು ಸಿದ್ರಾ ಅಪ್ಪನಿಗೆ. ಆಮೇಲೆ, "ಆ ಮಾತು ನೀವೇ ಹೇಳಿದ್ದು ಆಂಟಿ. ಕಾಫಿ ಮಾಡ್ತಾ. ಗುಡಿಸ್ತೀನಿ, ಅಡುಗೆ ಮಾಡ್ತೀನಿ, ಯಾರ ಹೆಸರಲ್ಲಿ ಮಾಡ್ತಿದೀನೋ ಗೊತ್ತಿಲ್ಲ ಅಂದ್ರಿ. ಆ ಇಡೀ ಪಾಠದಲ್ಲಿ ನಂಗೆ ಅರ್ಥ ಆಗಿದ್ದು ಅದೊಂದೇ. ಅದಕ್ಕೇ ಬರೆಸ್ದೆ," ಅಂದಳು.

ನನಗೆ ಹಾಗಂದ ನೆನಪಿಲ್ಲ.

ಬೇರೆ ಯಾರಾದರೂ ಬರೆಯಲಿ ಅಂತ ಹೇಳಲೆಂದೇ ಹೋಗಿದ್ದೆ, ಹೇಳಿದೆ. ಪಕ್ಕದ ಮನೆಗೆ ಹೊಸದಾಗಿ ಬಂದ ಪಿಯುಸಿ ಹುಡುಗಿ ಇದ್ದಾಳೆ, ಇವತ್ತೇ ಅರ್ಜಿ ಕೊಟ್ಟರೆ ಒಪ್ಪುತ್ತಾರೆ ಅಂತ ನಜೀರ್ ಸಾಹೇಬರೂ ಅಂದರು. ಒಳಗಿನಿಂದ ಸಿದ್ರಾಳ ಅಮ್ಮ ಮೆಹರ್ ಬಾನು ಚಹಾ ತಂದವರು, ಹಾಗೇ ಮಾಡೋದು ಒಳ್ಳೇದು ಅಂದರು. ಸಿದ್ರಾ ಹಾಸಿಗೆಯ ಹೊಲಿಗೆಯ ಮೇಲೆ ಬೆರಳು ಓಡಿಸುತ್ತಿದ್ದಳು.

"ಆ ಹುಡುಗೀಗೆ ಒಂದು ಹೆಸರೂ ಬರೆಯೋಕೆ ಬರಲ್ಲ," ಅಂದಳು. "ನಾಳೆ ನೀವೇ ಬನ್ನಿ ಆಂಟಿ. ನಿಲ್ಲಿಸ್ಬೇಕು ಅನ್ಸಿದ್ರೆ ನಿಲ್ಲಿಸಿ. ಅಳ್ಬೇಕು ಅನ್ಸಿದ್ರೆ ಅತ್ತು ಮುಗ್ಸಿ. ನಂಗೆ ಜಾಸ್ತಿ ಟೈಮ್ ಕೊಡ್ತಾರಲ್ಲ, ನಾನು ಕಾಯ್ತೀನಿ. ಸರಿ ಇರ್ಲಿ ತಪ್ಪಿರ್ಲಿ, ನಾನು ಹೇಳಿದ್ದು ಒಂದಕ್ಷರಾನೂ ಬದಲಾಯ್ಸಲ್ಲ."

"ಅದು ನಿಂಗೆ ಕಷ್ಟ."

"ಕಷ್ಟನೇ. ಈಗ್ಲೇ ನೋಡೋಣ, ಪೆನ್ ತಗೊಳ್ಳಿ."

ಅಂಗಡಿಯ ಬಿಲ್ ಪುಸ್ತಕದ ಹಿಂದಿನ ಹಾಳೆ ಕೊಟ್ಟರು. ಸಿದ್ರಾ ಗಂಭೀರವಾಗಿ ಹೇಳಿದಳು, "ಪೋಲೆಂಡಿನ ಮೊದಲ ಚುನಾಯಿತ ರಾಜ ಗುಬ್ಬಿಯ ನಜೀರ್ ಅಹಮದ್."

ನಿಲ್ಲಿಸದೆ ಬರೆದೆ.

"ಹಂಗಾದ್ರೆ ಈ ಹಾಸಿಗೆ ಹೊಲಿಯೋರ್ ಯಾರು?" ಅಂದರು ಅವರು.

ಇನ್ನೂ ಒಂದು ಪುಟ ಹೇಳಿದಳು, ಸರಿಯಾದದ್ದೂ ತಪ್ಪಾದದ್ದೂ ಕಲಸಿ. ನಡುವೆ ನಾನು ಬೇಕಂತಲೇ ಎರಡು ಸಲ ನಿಲ್ಲಿಸಿದೆ. ಮೊದಲ ಸಲ ಅವಳ ತಲೆ ಓರೆಯಾಯಿತು, ತುಟಿ ಕಚ್ಚಿ ಸುಮ್ಮನೆ ಕೂತಳು. ಎರಡನೇ ಸಲ ಓರೆಯಾಗಲಿಲ್ಲ.

ಹೋದ ಅಂಕ ಹೋಯಿತು. ಅದು ಪಾಸಿಗೆ ಸಾಕೋ ಸಾಲದೋ ಯಾರಿಗೂ ಗೊತ್ತಿಲ್ಲ. ಬಸ್ಸಿನ ತನಕ ಸಿದ್ರಾ ಬಂದಳು, ನನ್ನ ಕೈ ಬಿಟ್ಟಿರಲಿಲ್ಲ, ಆದರೆ ಮಾತೂ ಹೆಚ್ಚಿಗೆ ಆಡಲಿಲ್ಲ. ಅವಳಿಗೆ ಕೋಪ ಇದೆ. ಇರಲಿ.

ಮನೆಗೆ ಬಂದಾಗ ಇವರು ಎಣ್ಣೆ ಬಿಡಲು ಸ್ಟೂಲು ಹತ್ತಿ ಪ್ರಿಯಾಂಕಳ ರೂಮಿನ ಫ್ಯಾನು ಬಿಚ್ಚುತ್ತಿದ್ದರು. ಏನಾಯಿತು ಅಂತ ಕೇಳಿದರು. ನಾನೇ ಬರೆಯುತ್ತೀನಿ ಅಂದೆ.

ನಾಳೆ ಎರಡನೇ ಪೇಪರ್, ಹತ್ತು ಗಂಟೆಗೆ.